ಬೆಳಕಿಂಡಿಗೆ ಹಾಕಿಸಿದ ಗಾಜು

ಆ ಗಾಜು ಹಾಕಿಸಿದವಳು ನಾನೇ. ಬೇರೆ ಯಾರ ತಲೆಗೂ ಕಟ್ಟುವಂತಿಲ್ಲ. ಗಾರೆ ಕೆಲಸದ ಗೌಂಡಿಯೇ ಬೇಡ ಅಂದಿದ್ದ. ನನ್ನ ಗಂಡ "ನೋಡು, ನಿನ್ನಿಷ್ಟ" ಅಂತ ಜಾರಿಕೊಂಡಿದ್ದ. ಅತ್ತೆ ಏನೂ ಅನ್ನದೆ ಹಿಟ್ಟು ನಾದುತ್ತ ಕೂತಿದ್ದರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು ನಾನು. ವರ್ಷಕ್ಕೊಂದು ಸಲ ಕರಿಹಲಗೆಯ ಮೇಲೆ ಗಾಜಿನ ಮನೆಯ ಚಿತ್ರ ಬರೆದು, ಭೂಮಿ ಯಾಕೆ ಬಿಸಿಯಾಗುತ್ತಿದೆ ಅಂತ ಮಕ್ಕಳಿಗೆ ವಿವರಿಸುತ್ತೇನೆ. ಅಂಥವಳು ನನ್ನ ಮನೆಯ ಅಡುಗೆಮನೆಗೇ ಗಾಜಿನ ಮುಚ್ಚಳ ಹಾಕಿಸಿದೆ. ಇದನ್ನು ಬರೆಯುವಾಗಲೂ ನಾಚಿಕೆಯಿಂದ ಕಿವಿ ಬಿಸಿಯಾಗುತ್ತದೆ.

ಕುರುಗೋಡಿನ ನಮ್ಮ ಮನೆ ಮಣ್ಣಿನ ಮಾಳಿಗೆಯದು. ದಪ್ಪ ಗೋಡೆ, ಮೇಲೆ ತೊಲೆ, ಜಂತೆ, ಅದರ ಮೇಲೆ ಮಣ್ಣು. ಅಡುಗೆಮನೆಯ ಮಾಳಿಗೆಯ ನಡುವೆ ಒಂದು ಮೊಳ ಅಗಲದ ಚೌಕ ಕಿಂಡಿ. ಅದೇ ಬೆಳಕಿಂಡಿ. ಒಳಗೆ ಬೆಳಕು ಬೀಳುವುದು ಅದರಿಂದ, ಒಲೆಯ ಹೊಗೆ ಮೇಲೇರಿ ಹೋಗುವುದೂ ಅದರಿಂದ. ಮಳೆ ಬಂದರೆ ಯಾರಾದರೂ ಓಡಿ ಮಾಳಿಗೆ ಹತ್ತಿ ಅದರ ಮೇಲೆ ಕಲ್ಲಿನ ಚಪ್ಪಡಿ ಎಳೆಯಬೇಕು, ಮಳೆ ನಿಂತ ಮೇಲೆ ಮತ್ತೆ ಹತ್ತಿ ಸರಿಸಬೇಕು. ಬಳ್ಳಾರಿ ಊರೊಳಗಿನ ಆರ್‌ಸಿಸಿ ಮನೆಯಲ್ಲಿ ಹುಟ್ಟಿ ಬೆಳೆದ ನನಗೆ ಇದೆಲ್ಲ ವಿಚಿತ್ರವಾಗಿ ಕಂಡಿತ್ತು. ಮದುವೆಯಾಗಿ ಬಂದ ಮೊದಲ ವಾರವೇ ಸಾರಿನ ಪಾತ್ರೆಯೊಳಗೆ ಗುಬ್ಬಿಯ ಪುಕ್ಕ ಸಿಕ್ಕಿತು. ಅವತ್ತು ನಾನು ಅತ್ತೆಗೆ ಕೇಳಿಸುವಂತೆಯೇ ಗಂಡನಿಗೆ ಹೇಳಿದೆ: "ನಿಮ್ಮ ಮನ್ಯಾಗ ಆಕಾಶನೇ ಅಡಿಗಿಗೆ ಬೀಳ್ತತಿ."

ಅತ್ತೆಯದು ರೊಟ್ಟಿಯ ಕೆಲಸ. ಮಾವ ತೀರಿಕೊಂಡಾಗ ನನ್ನ ಗಂಡನಿಗೆ ಇನ್ನೂ ಸಾಲೆಗೆ ಹೋಗುವ ವಯಸ್ಸೂ ಆಗಿರಲಿಲ್ಲವಂತೆ. ಆಗ ಹಿಡಿದ ರೊಟ್ಟಿ ಹಂಚನ್ನು ಅವರು ಬಿಟ್ಟಿಲ್ಲ. ಮದುವೆ, ಸೀಮಂತ, ಗೃಹಪ್ರವೇಶ, ಯಾವುದೇ ಇರಲಿ, ಸುತ್ತಮುತ್ತಲ ಊರಿನವರು ಜೋಳದ ಹಿಟ್ಟಿನ ಚೀಲ ತಂದು ಇಳಿಸಿ ಹೋಗುತ್ತಾರೆ. ಅತ್ತೆ ರೊಟ್ಟಿ ಬಡಿದು, ಒಣಗಿಸಿ, ಬಿಳಿ ಬಟ್ಟೆಯಲ್ಲಿ ಕಟ್ಟಿ ಇಡುತ್ತಾರೆ. ಊರಲ್ಲಿ ಯಾರೂ ಅವರನ್ನು ಇಂಥವರ ತಾಯಿ ಅಂತ ಗುರುತಿಸುವುದಿಲ್ಲ. ರೊಟ್ಟಿಯಮ್ಮ ಅನ್ನುತ್ತಾರೆ. ನನ್ನ ಗಂಡನೇ ರೊಟ್ಟಿಯಮ್ಮನ ಮಗ, ನಾನು ರೊಟ್ಟಿಯಮ್ಮನ ಸೊಸೆ. ಇಷ್ಟು ಓದಿ, ಕೆಲಸ ಹಿಡಿದು, ಕೊನೆಗೆ ಈ ಹೆಸರಿನಲ್ಲಿ ಗುರುತಿಸಿಕೊಳ್ಳುವಾಗ ನನಗೆ ಮೊದಮೊದಲು ಸ್ವಲ್ಪ ಉರಿಯುತ್ತಿತ್ತು ಅಂತ ಒಪ್ಪಿಕೊಳ್ಳುತ್ತೇನೆ.

ಗಾಜಿನ ಯೋಚನೆ ಬಂದದ್ದು ಧೂಳಿನಿಂದ. ಊರಾಚೆ ಕಲ್ಲಿದ್ದಲು ಉರಿಸಿ ಕಬ್ಬಿಣ ಮಾಡುವ ಕಾರ್ಖಾನೆಗಳಿವೆ. ಗಾಳಿ ಈ ಕಡೆ ತಿರುಗಿದರೆ ಮಾಳಿಗೆಯ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ, ಬೆಳಕಿಂಡಿಯಿಂದ ಇಳಿದು ಹಿಟ್ಟಿನ ಪರಾತದ ಮೇಲೆ ಕರಿ ಧೂಳು. ಬಿಳಿ ರೊಟ್ಟಿಯ ಮೇಲೆ ಎಳ್ಳು ಉದುರಿಸಿದ ಹಾಗೆ ಕಾಣುತ್ತಿತ್ತು. ಒಂದು ಮದುವೆ ಮನೆಯವರು ರೊಟ್ಟಿ ವಾಪಸ್ ತಂದುಕೊಟ್ಟರು. ಧೂಳನ್ನು ಬೈಯುವಂತೆಯೂ ಇರಲಿಲ್ಲ, ಯಾಕೆಂದರೆ ಅಂಥದೇ ಒಂದು ಕಾರ್ಖಾನೆಯಲ್ಲಿ ನನ್ನ ಗಂಡ ಶಿಫ್ಟ್ ಮೇಲೆ ದುಡಿಯುತ್ತಾನೆ. ಅವನು ಮನೆಗೆ ಬಂದು ಅಂಗಿ ಬಿಚ್ಚಿ ಜಾಡಿಸಿದರೆ ಅದೇ ಧೂಳು.

ರೊಟ್ಟಿ ವಾಪಸ್ ಬಂದ ದಿನ ಅತ್ತೆ ಊಟ ಮಾಡಲಿಲ್ಲ. ನನಗೆ ಸಿಟ್ಟು ಬಂತು. ಸಿಟ್ಟು ಬಂದರೆ ನನಗೆ ಕೂಡಲೇ ಏನಾದರೂ ಮಾಡಬೇಕು. ಮೊದಲು ಕಟ್ಟಿಗೆ ಒಲೆ ತೆಗೆಸಿ ದೊಡ್ಡ ಗ್ಯಾಸ್ ಒಲೆ ತರಿಸಿದೆ. ಆಮೇಲೆ ಮೋಕ ಊರಿನಿಂದ ಗೌಂಡಿಯನ್ನು ಕರೆಸಿದೆ.

"ನಮ್ಮ ಮನಿ ಬೆಳಕಿಂಡಿಗೆ ಗಾಜು ಕೂಡಿಸ್ಬೇಕು. ದಪ್ಪ ಗಾಜು. ಒಂದು ಕಣ ಧೂಳು ಇಳೀಬಾರ್ದು," ಅಂದೆ.

ಅವನು ಮೇಲೆ ನೋಡಿ ಗಡ್ಡ ಕೆರೆದುಕೊಂಡ. "ಗಾಜು ಬ್ಯಾಡ್ರಿ ಮೇಡಂ. ಸಣ್ಣ ಕಣ್ಣಿನ ಜಾಳಿಗಿ ಹಾಕ್ತೀನಿ. ಒಳಗಿಂದು ಹೊರಗ ಹೋಗ್ಬೇಕಲ್ರಿ."

"ಏನು ಹೋಗ್ಬೇಕು? ಗ್ಯಾಸ್ ಬಂದೈತಿ, ಹೊಗಿನೇ ಇಲ್ಲ. ಕಾಣ್ತತೇನು ನಿನಗ ಹೊಗಿ?"

"ಇಲ್ಲ ಬಿಡ್ರಿ, ಓದಿದೋರು ನೀವು," ಅಂತ ಅವನು ಸಿಮೆಂಟು ಕಲಸಲು ಕೂತ. ಕಣ್ಣಿಗೆ ಕಾಣದ್ದು ಇಲ್ಲವೇ ಇಲ್ಲ ಅಂತ ಅವತ್ತು ವಾದಿಸಿದವಳು ವಿಜ್ಞಾನದ ಮೇಡಂ!

ಗಾಜು ಕೂತಿತು. ಅಡುಗೆಮನೆ ಫಳಫಳ ಅಂದಿತು. ಧೂಳಿಲ್ಲ, ಪುಕ್ಕವಿಲ್ಲ, ಮಳೆಯಲ್ಲಿ ಮಾಳಿಗೆ ಹತ್ತುವ ಓಟವಿಲ್ಲ. ಅಕ್ಕಪಕ್ಕದವರು ಬಂದು ಕತ್ತೆತ್ತಿ ನೋಡಿ ಹೋದರು. ನಾನು ಒಂದು ವಾರ ಆ ಬೆಳಕಿನ ಕೆಳಗೆ ಕೂತೇ ಉತ್ತರ ಪತ್ರಿಕೆ ತಿದ್ದಿದೆ. ಅದು ಚಳಿಗಾಲ.

ನನ್ನ ಶಾಲೆ ಇರುವುದು ಸಿರುಗುಪ್ಪದ ಕಡೆ. ಬಸ್ಸಿನಲ್ಲಿ ಹೋಗುವಾಗ ದಾರಿಯುದ್ದಕ್ಕೂ ಕಾಲುವೆ ನೀರಿನ ನೆಲ್ಲಿನ ಗದ್ದೆಗಳು. ಮಕ್ಕಳೆಲ್ಲ ಹೆಚ್ಚುಕಡಿಮೆ ಆ ಗದ್ದೆಗಳವರೇ, ಇಲ್ಲವೆ ಅಲ್ಲಿ ನಾಟಿ ಹಚ್ಚುವವರ ಮನೆಯವರು. ಆ ವರ್ಷ ಹವಾಮಾನದ ಪಾಠಕ್ಕೆ ಬಂದಾಗ ಎಂದಿನಂತೆ ಗಾಜಿನ ಮನೆ ಬರೆದೆ. ಸೂರ್ಯನ ಬೆಳಕು ಗಾಳಿಯ ಪದರವನ್ನು ಸಲೀಸಾಗಿ ದಾಟಿ ನೆಲಕ್ಕೆ ಬೀಳುತ್ತದೆ. ನೆಲ ಕಾಯುತ್ತದೆ. ಕಾದ ನೆಲ ಸುಮ್ಮನಿರುವುದಿಲ್ಲ, ತನ್ನ ಕಾವನ್ನು ಕಣ್ಣಿಗೆ ಕಾಣದ ಕಿರಣವಾಗಿ ಮೇಲಕ್ಕೆ ಬಿಡುತ್ತದೆ. ಆ ಕಾವು ಪೂರಾ ಹೊರಗೆ ಹೋಗಲು ಕೆಲವು ಅನಿಲಗಳು ಬಿಡುವುದಿಲ್ಲ; ಹೀರಿಕೊಂಡು, ಅರ್ಧವನ್ನಾದರೂ ಮತ್ತೆ ಕೆಳಕ್ಕೆ ಕಳಿಸುತ್ತವೆ. ಅವು ಇಲ್ಲದೇ ಇದ್ದರೆ ಭೂಮಿ ಹೆಪ್ಪುಗಟ್ಟುತ್ತಿತ್ತು. ಹದವಾಗಿದ್ದರೆ ಅವು ಹೊದಿಕೆ. ಕಲ್ಲಿದ್ದಲು, ಡೀಸೆಲ್ ಉರಿಸುತ್ತ ಹೋದರೆ ಹೊದಿಕೆಯ ಮೇಲೆ ಹೊದಿಕೆ.

ನಿಂತ ನೀರಿನ ಗದ್ದೆಯ ಕೆಸರಿನಿಂದ ಏಳುವ ಮೀಥೇನ್ ಕೂಡ ಅಂಥದೇ ಅನಿಲ ಅಂದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಟೀಚರ್, ಅಂದ್ರ ನೆಲ್ಲಿನ ಗದ್ದಿಗೂ ಹೊಟ್ಟಿ ಉಬ್ಬರ ಐತಂದಂಗಾತು!" ಇಡೀ ತರಗತಿ ನಕ್ಕಿತು, ನಾನೂ ನಕ್ಕೆ. ಆಮೇಲೆ ಅವಳೇ ಕೇಳಿದಳು: "ಹಂಗಾದ್ರ ನಾವು ಅನ್ನ ಉಣ್ಣೋದು ಬಿಡ್ಬೇಕೇನ್ರಿ?" ಬಿಡಬೇಕಿಲ್ಲ, ನಡುನಡುವೆ ನೀರು ಇಳಿಸಿ ಗದ್ದೆ ಆರಿಸಿದರೂ ಕಡಿಮೆಯಾಗುತ್ತದೆ ಅಂದೆ. "ನೀರು ಇಳಿಸಿದ ಮ್ಯಾಲ ಕಾಲಿವಿ ನೀರು ಮತ್ತ ಬರ್ತತಿ ಅಂತ ಯಾರು ಹೇಳ್ತಾರ್ರಿ?" ಅಂದಳು. ಬಸ್ಸಿನಲ್ಲಿ ವಾಪಸ್ ಬರುವಾಗ ಹಸಿರು ಗದ್ದೆ ನೋಡಿ ಎಂದಿನ ಸಂತೋಷವಾಗಲಿಲ್ಲ. ಗಂಡನ ಕಾರ್ಖಾನೆ, ಮಕ್ಕಳ ಗದ್ದೆ, ನಾನು ಕೂತ ಬಸ್ಸು, ಯಾವುದನ್ನು ಬಿಟ್ಟು ಎಲ್ಲಿಗೆ ಹೋಗುವುದು?

ಅದೇ ಹೊತ್ತಿಗೆ ಅಧಿಕಾರಿಗಳು ಪಾಠ ನೋಡಲು ಬರುತ್ತಾರೆ ಅಂತ ಸುದ್ದಿ ಬಂತು. ಒಂದು ಭಾನುವಾರ ಬೆಳಿಗ್ಗೆ ಅಡುಗೆಮನೆಯಲ್ಲೇ ನಿಂತು ಪಾಠ ಒಪ್ಪಿಸಿ ನೋಡಿಕೊಂಡೆ. ಕೇಳುವವರು ಅತ್ತೆಯೊಬ್ಬರೇ. ಅವರು ರೊಟ್ಟಿ ಬಡಿಯುತ್ತಲೇ ಕೇಳಿದರು. ಬೆಳಕು ಒಳಗೆ ಬರುತ್ತದೆ, ಕಾವು ಹೊರಗೆ ಹೋಗುವುದಿಲ್ಲ ಅನ್ನುವಲ್ಲಿಗೆ ಬಂದಾಗ ಅವರ ಕೈ ನಿಂತಿತು. ಸೆರಗಿನಿಂದ ಕತ್ತು ಒರೆಸಿಕೊಂಡು ಮೇಲೆ ನೋಡಿದರು.

"ಅಂದ್ರ ನಮ್ಮ ಅಡಿಗಿ ಮನಿ ಇದ್ದಂಗ ಅನ್ನು."

ಅಣಕವೇನೂ ಇರಲಿಲ್ಲ. ಪಾಠ ಅರ್ಥವಾದ ಖುಷಿಯಷ್ಟೇ ಇತ್ತು. ಆದರೆ ನನಗೆ ಮೈಯೆಲ್ಲ ಉರಿಯಿತು. "ಅತ್ತಿ, ಅದು ಭೂಮಿ ವಿಷಯ. ನಿಮ್ಮ ಅಡಿಗಿ ಮನಿದಲ್ಲ," ಅಂದುಬಿಟ್ಟೆ.

"ಆತು ಬಿಡಮ್ಮ," ಅಂತ ಅವರು ಮುಂದಿನ ಉಂಡೆ ಎತ್ತಿಕೊಂಡರು.

ಅವರು ಹೇಳಿದ್ದು ತಪ್ಪು ಅಂತ ತೋರಿಸಲೇಬೇಕು ಅಂತ ನಾನು ಶಾಲೆಯ ಕಪಾಟಿನಿಂದ ಎರಡು ಥರ್ಮಾಮೀಟರ್ ತಂದೆ. ಒಂದನ್ನು ಪಡಸಾಲೆಯಲ್ಲಿ, ಇನ್ನೊಂದನ್ನು ಅಡುಗೆಮನೆಯಲ್ಲಿ ತೂಗುಹಾಕಿದೆ. ಒಲೆ ಹಚ್ಚುವ ಮೊದಲೇ, ಬಿಸಿಲು ಗಾಜಿಗೆ ಬಿದ್ದ ಮೇಲೆ ನೋಡಿದರೆ ಅಡುಗೆಮನೆಯದು ಸಾಕಷ್ಟು ಮೇಲಿತ್ತು. ನಿನ್ನೆಯ ಒಲೆಯ ಕಾವು ಇನ್ನೂ ಉಳಿದಿದೆ ಅಂತ ನನಗೆ ನಾನೇ ಹೇಳಿಕೊಂಡೆ. ಎರಡೂ ಥರ್ಮಾಮೀಟರ್ ವಾಪಸ್ ಒಯ್ದು ಕಪಾಟಿನಲ್ಲಿಟ್ಟೆ. ಮಕ್ಕಳು ಹೀಗೆ ಮಾಡಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಅಧಿಕಾರಿಗಳು ಬರಲೇ ಇಲ್ಲ. ಬೇಸಿಗೆ ಬಂತು.

ರೊಟ್ಟಿಯ ಸುಗ್ಗಿಯೂ ಬೇಸಿಗೆಯೇ, ಮದುವೆಗಳೆಲ್ಲ ಆಗಲೇ. ನಮ್ಮ ಕಡೆಯ ಬಿಸಿಲಿನ ಬಗ್ಗೆ ಹೇಳುವುದೇನಿದೆ. ಸುತ್ತಲಿನ ಬಂಡೆಗುಡ್ಡಗಳು ಹಗಲೆಲ್ಲ ಕಾದು ಆಮೇಲೆ ಊರಿಗೆ ಹಂಚುತ್ತವೆ. ಆದರೆ ಆ ವರ್ಷ ಅಡುಗೆಮನೆಗೆ ಕಾಲಿಟ್ಟರೆ ಮುಖಕ್ಕೆ ಯಾರೋ ಕಂಬಳಿ ಒತ್ತಿದ ಹಾಗಾಗುತ್ತಿತ್ತು. ಫ್ಯಾನ್ ಹಾಕಿದರೆ ಗ್ಯಾಸಿನ ಉರಿ ಅಲುಗಾಡಿ ರೊಟ್ಟಿ ಒಂದು ಕಡೆ ಹಸಿ, ಒಂದು ಕಡೆ ಕರಕಲು. ಹಾಗಾಗಿ ಅತ್ತೆ ಫ್ಯಾನ್ ಆರಿಸಿಯೇ ಬಡಿಯುತ್ತಿದ್ದರು. ಪಕ್ಕದಲ್ಲಿ ಒಂದು ಚೊಂಬು ನೀರು ಇಟ್ಟುಕೊಳ್ಳುತ್ತಿದ್ದವರು ಎರಡು ಇಟ್ಟುಕೊಂಡರು, ಆಮೇಲೆ ಕೊಡವನ್ನೇ ಇಟ್ಟುಕೊಂಡರು. ನಾನು ಎಲ್ಲವನ್ನೂ ನೋಡಿದೆ. ಗಾಜು ತೆಗೆಸೋಣ ಅನ್ನುವ ಒಂದು ಮಾತು ನಾಲಿಗೆಯ ತುದಿಯಲ್ಲೇ ಕೂತಿತ್ತು. ಹಾಗಂದರೆ ಗೌಂಡಿ ಸರಿ, ಅತ್ತೆ ಸರಿ, ನಾನೊಬ್ಬಳೇ ತಪ್ಪು. ಆ ಒಂದು ಮಾತಿನೊಳಗೆ ನಾನು ಸಿಕ್ಕಿಹಾಕಿಕೊಂಡಿದ್ದೆ, ನನ್ನ ಹಠದ ಕಾವನ್ನು ಆ ಮುದುಕಿ ಉಣ್ಣುತ್ತಿದ್ದರು.

ಒಂದು ಶನಿವಾರ, ಅರ್ಧ ದಿನದ ಶಾಲೆ ಮುಗಿಸಿ ಬಂದೆ. ಬಾಗಿಲಲ್ಲೇ ಸುಟ್ಟ ವಾಸನೆ. ಹಂಚಿನ ಮೇಲೆ ರೊಟ್ಟಿ ಕರಿಯಾಗಿ ಹೊಗೆಯಾಡುತ್ತಿತ್ತು. ಅತ್ತೆ ಹಿಟ್ಟಿನ ಚೀಲಕ್ಕೆ ಒರಗಿ ಕಣ್ಣು ಅರ್ಧ ತೆರೆದು ಬಿದ್ದಿದ್ದರು. ಗಾಜಿನಿಂದ ಇಳಿದ ಬಿಸಿಲಿನ ಚೌಕ ಸರಿಯಾಗಿ ಅವರ ಎದೆಯ ಮೇಲಿತ್ತು. ಮುಟ್ಟಿದರೆ ಮೈ ಸುಡುತ್ತಿತ್ತು, ಬೆವರೇ ಇರಲಿಲ್ಲ. ಕೊಡದ ನೀರನ್ನೆಲ್ಲ ಅವರ ಮೇಲೆ ಸುರಿದೆ. ಏನು ಕೂಗಿದೆನೋ ನೆನಪಿಲ್ಲ. ಓಣಿಯವರು ಬಂದು ಎತ್ತಿಕೊಂಡರು.

ಬಳ್ಳಾರಿಯ ಆಸ್ಪತ್ರೆಯಲ್ಲಿ ಮೂರು ದಿನ ಇಟ್ಟುಕೊಂಡರು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಇನ್ನು ಈ ವಯಸ್ಸಿನಲ್ಲಿ ಕಾವಿನ ಮುಂದೆ ಕೂರಿಸಬೇಡಿ, ಇನ್ನೊಂದು ಸಲ ಹೀಗಾದರೆ ಉಳಿಯುವುದು ಕಷ್ಟ ಅಂದರು. ನನ್ನ ಗಂಡ ಕಾಟಿನ ಪಕ್ಕ ನಿಂತು ತಾಯಿಗೆ ಹೇಳಿದ: "ಇನ್ನ ಸಾಕಬೇ ರೊಟ್ಟಿ. ಹಂಚು ಮಾರಿಬಿಡ್ತೀನಿ."

ಅತ್ತೆ ಗೋಡೆ ಕಡೆ ಹೊರಳಿದರು. "ರೊಟ್ಟಿ ಬಿಟ್ರ ನಾ ಯಾರಲೇ?" ಅಂದರು.

ಅವನು ಔಷಧಿ ಚೀಟಿ ಹಿಡಿದು ಹೊರಗೆ ಹೋದ.

ಆಸ್ಪತ್ರೆಯಿಂದ ಬಿಟ್ಟ ಮೇಲೆ ಎರಡು ದಿನ ನನ್ನ ತವರುಮನೆಯಲ್ಲೇ ಇದ್ದೆವು. ಅದು ಗುಡ್ಡದ ಬುಡದ ಓಣಿ. ಆರ್‌ಸಿಸಿಯ ಮೇಲೆ ತಗಡಿನ ಶೆಡ್ಡು, ಶೆಡ್ಡಿನಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವವರು. ಹೊಲಿಗೆ ಯಂತ್ರದ ಸದ್ದು ಮತ್ತು ಮೇಲಿನ ಕಾವು ಒಟ್ಟಿಗೇ ಕೆಳಗಿಳಿಯುತ್ತಿದ್ದವು. ನಾನು ಹೆಮ್ಮೆಪಡುತ್ತಿದ್ದ ಮನೆ ಇದೇ. ಅತ್ತೆ ಮಂಚದ ಮೇಲೆ ಕೂತು ಚಾವಣಿಯ ಮೂಲೆಮೂಲೆ ನೋಡಿದರು. "ಯಮ್ಮಾ, ಈ ಮನಿಗಿ ಕಿಂಡಿನೇ ಇಲ್ಲಲ್ಲ. ನೀ ಹೆಂಗ ಬೆಳದಿ ಇಲ್ಲಿ?"

ಅಷ್ಟು ಸಾಕಾಯಿತು ನನಗೆ. ಅತ್ತುಬಿಟ್ಟೆ. ತಪ್ಪು ನನ್ನದೇ ಅಂದೆ. ಗೌಂಡಿ ಹೇಳಿದ್ದನ್ನು, ಥರ್ಮಾಮೀಟರ್ ತೋರಿಸಿದ್ದನ್ನು ಮುಚ್ಚಿಟ್ಟ ಕಳ್ಳತನವನ್ನು, ಎಲ್ಲವನ್ನೂ ಹೇಳಿದೆ. ಅತ್ತೆ ನನ್ನ ಕೈ ಹಿಡಿದುಕೊಂಡು ಕೇಳಿದರು. ಎಷ್ಟೋ ವರ್ಷ ಹಂಚಿನ ಮುಂದಿದ್ದ ಅವರ ಬೆರಳು ಗಟ್ಟಿಯಾಗಿದ್ದವು.

"ಗಾಜು ಕೂಡಿಸಿದ ದಿನಾನ ನನಗ ಗೊತ್ತಾಗಿತ್ತಲ್ಲ," ಅಂದರು. "ಕಾವು ಮ್ಯಾಲ ಹೋಗಿ ತಿರುಗಿ ತಲಿಮ್ಯಾಲ ಬರ್ತಿತ್ತು."

"ಮತ್ತ ಯಾಕ ಹೇಳ್ಲಿಲ್ಲ ಅತ್ತಿ?"

"ನೀ ಬಂದಾಗಿಂದ ನಿಮ್ಮ ಮನಿ, ನಿಮ್ಮ ಒಲಿ ಅಂತಿದ್ದಿ. ಅವತ್ತು ಗೌಂಡಿ ಮುಂದ ನಿಂತು ನಮ್ಮ ಮನಿ ಅಂದಿ. ಆ ಮಾತು ಕೇಳಿದ ಮ್ಯಾಲ ಹೆಂಗ ಬ್ಯಾಡ ಅನ್ಲಿ? ಕಾವೇನು, ತಡ್ಕಂತೀನಿ ಅನ್ಕಂಡೆ."

ನಾನು ಅವರ ಮುಖ ನೋಡಲಾರದೆ ಹೋದೆ. ನನಗೆ ಮಾತ್ರ ಹಠ ಅಂದುಕೊಂಡಿದ್ದೆ. ಅವರದು ಹಠವಲ್ಲ, ಪ್ರೀತಿ; ಆದರೆ ಇಬ್ಬರೂ ಸೇರಿ ಮುಚ್ಚಿದ್ದು ಅದೇ ಕಿಂಡಿಯನ್ನು.

ಕುರುಗೋಡಿಗೆ ಬಂದ ಮರುದಿನ ಬೆಳಿಗ್ಗೆ ಹಾರೆ ತಗೊಂಡು ನಾನೇ ಮಾಳಿಗೆ ಹತ್ತಿದೆ. ಗಂಡ ಏಣಿ ಹಿಡಿದಿದ್ದ, ಗೌಂಡಿಯನ್ನು ಕರೆಯೋಣ ಅಂದ. ಬೇಡ ಅಂದೆ. ಸಿಮೆಂಟಿನ ಅಂಚು ಒಡೆದು ಗಾಜಿನ ಸಂದಿಗೆ ಹಾರೆ ಕೊಟ್ಟು ಎತ್ತಿದೆ. ಗಾಜು ಎದ್ದ ಕೂಡಲೇ ಒಳಗಿನ ಕಾವು ಮುಖಕ್ಕೆ ಹೊಡೆಯಿತು. ಐದಾರು ದಿನದಿಂದ ಒಲೆ ಹಚ್ಚದ ಅಡುಗೆಮನೆಯ ಕಾವು ಅದು. ಕೆಳಗೆ ಅತ್ತೆ ಕತ್ತೆತ್ತಿ ನಿಂತಿದ್ದರು. "ಹೋತು ನೋಡಮ್ಮ, ಹೋತು," ಅಂದರು. ಸೆರಗು ಹಾರಿದ್ದನ್ನು ಹಿಡಿದುಕೊಂಡು ನಕ್ಕರು.

ಆಮೇಲೆ ಗೌಂಡಿ ಬಂದು ಸಣ್ಣ ಕಣ್ಣಿನ ಜಾಳಿಗೆ ಹಾಕಿದ. ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಅಂದಿದ್ದರೆ ವಾಸಿಯಿತ್ತು. ಧೂಳು ಅಷ್ಟಿಷ್ಟು ಇಳಿಯುತ್ತದೆ. ಹಿಟ್ಟಿನ ಪರಾತದ ಮೇಲೆ ಒದ್ದೆ ಬಟ್ಟೆ ಮುಚ್ಚುತ್ತೇವೆ. ಮಳೆ ಬಿದ್ದು ನೆಲ ತಣಿದ ಮೇಲೆ ಅತ್ತೆ ಮತ್ತೆ ಹಂಚು ಹಿಡಿದರು, ಬೆಳಗಿನ ಹೊತ್ತು ಮಾತ್ರ ಅನ್ನುವ ಕರಾರಿನ ಮೇಲೆ. ಗಂಡ ಗೊಣಗಿ ಸುಮ್ಮನಾದ. ರೊಟ್ಟಿಯಮ್ಮ ರೊಟ್ಟಿಯಮ್ಮನಾಗಿಯೇ ಉಳಿದರು. ತಪ್ಪು ತಿದ್ದಿಕೊಂಡೆ ಅಂತ ನನಗೂ ನಿರಾಳವಾಯಿತು.

ಮುಂದಿನ ಶಾಲಾ ವರ್ಷದ ಪಾಠದಲ್ಲಿ ಗಾಜಿನ ಮನೆ ಬರೆಯಲಿಲ್ಲ. ನಮ್ಮ ಅಡುಗೆಮನೆ ಬರೆದೆ, ನನ್ನ ತಪ್ಪನ್ನೂ, ಹಾರೆ ಹಾಕಿ ಗಾಜು ತೆಗೆದದ್ದನ್ನೂ ಹೇಳಿದೆ. ಹೊಟ್ಟೆ ಉಬ್ಬರದ ಹುಡುಗಿಯ ತಂಗಿ ಆಗ ಅದೇ ಬೆಂಚಿನಲ್ಲಿದ್ದಳು. ಮಕ್ಕಳು ಬಿದ್ದು ಬಿದ್ದು ನಕ್ಕರು. ಹೋಲಿಕೆ ಪೂರ್ತಿ ಸರಿಯಲ್ಲ ಅಂತಲೂ ಹೇಳಿದೆ: ಗಾಜು ಮುಖ್ಯವಾಗಿ ಬಿಸಿ ಗಾಳಿಯನ್ನು ತಡೆಯುತ್ತದೆ, ಆಕಾಶದಲ್ಲಿ ಅಂಥ ಗಟ್ಟಿ ಮುಚ್ಚಳವಿಲ್ಲ, ಅಲ್ಲಿ ಅನಿಲಗಳು ಗಾಳಿಯಲ್ಲೇ ಬೆರೆತು ಕಾವಿನ ಕಿರಣವನ್ನು ಹಿಡಿಯುತ್ತವೆ. "ಹಂಗಾದ್ರ ಅದನ್ನ ಹಾರಿ ಹಾಕಿ ತಗಿಯಾಕ ಬರಂಗಿಲ್ಲೇನ್ರಿ?" ಅಂತ ಆ ತಂಗಿ ಕೇಳಿದಳು. ಇಲ್ಲ ಅಂದೆ. ಈಗ ಉರಿಸುವುದನ್ನು ನಿಲ್ಲಿಸಿದರೂ ಈಗಾಗಲೇ ಮೇಲೆ ಹೋದದ್ದು ಬಹಳ ಕಾಲ ಅಲ್ಲೇ ಇರುತ್ತದೆ, ಆದರೆ ಇನ್ನಷ್ಟು ಸೇರಿಸದೆ ಇರಬಹುದು ಅಂದೆ. ಗಂಟೆ ಹೊಡೆಯಿತು.

ಬೆಳಕಿಂಡಿ ತೆರೆದೇ ಇದೆ. ಆದರೂ ಅತ್ತೆ ಬೆಳಿಗ್ಗೆ ಎದ್ದ ಕೂಡಲೇ ಗೋಡೆಗೆ ಅಂಗೈ ಇಟ್ಟು ನೋಡುವುದನ್ನು ರೂಢಿ ಮಾಡಿಕೊಂಡಿದ್ದಾರೆ. ಮೊದಲು ಬೇಸಿಗೆಯಲ್ಲೂ ಮುಂಜಾನೆ ಹೊತ್ತಿಗೆ ಮಣ್ಣಿನ ಗೋಡೆ ತಣ್ಣಗಾಗಿರುತ್ತಿತ್ತಂತೆ. ಈಗ ಹಿಂದಿನ ದಿನದ ಕಾವು ಗೋಡೆಯಲ್ಲೇ ಉಳಿದಿರುತ್ತದೆ, ಅದರ ಮೇಲೆ ಹೊಸ ದಿನದ್ದು. ಗೋಡೆ ಬೆಚ್ಚಗಿದ್ದ ದಿನ ಅವರು ಒಲೆ ಹಚ್ಚುವುದಿಲ್ಲ. ಗಾಜು ತೆಗೆದ ಮರುವರ್ಷ ಯುಗಾದಿ ಮುಗಿದ ಮೇಲೆ ಹಂಚು ಎತ್ತಿಟ್ಟರು. ಈ ವರ್ಷ ಹೋಳಿ ಹುಣ್ಣಿಮೆಗೂ ಮೊದಲೇ ಗೋಡೆ ಬೆಚ್ಚಗಾಯಿತು.

ಮೊನ್ನೆ ರಾರಾವಿಯಿಂದ ಒಂದು ಮದುವೆ ಮನೆಯವರು ಹಿಟ್ಟಿನ ಚೀಲ ತಂದಿದ್ದರು. ಅವರ ಮನೆಯ ಹಿರಿ ಮಗಳ ಮದುವೆಗೂ ಅತ್ತೆಯದೇ ರೊಟ್ಟಿ. ಅತ್ತೆ ಗೋಡೆಗೆ ಕೈ ಇಟ್ಟರು, ತೆಗೆದರು. "ಈ ಸಲ ಆಗಂಗಿಲ್ರಿ, ಬ್ಯಾರೆ ಕಡಿ ನೋಡ್ರಿ," ಅಂದರು. ಬಂದವರು ಮುಖ ಸಣ್ಣದು ಮಾಡಿಕೊಂಡು ಚೀಲ ಎತ್ತಿಕೊಂಡು ಹೋದರು. ಒಬ್ಬರನ್ನು ಅವರು ಹಾಗೆ ವಾಪಸ್ ಕಳಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಮೇಲೆ ಹಂಚನ್ನು ಬೂದಿ ಹಚ್ಚಿ ತಿಕ್ಕಿ ತೊಳೆದು, ಒರೆಸಿ, ಎರಡೂ ಕೈಯಲ್ಲಿ ಹಿಡಿದು ಬೆಳಕಿಂಡಿಯ ಕೆಳಗೆ ನಿಂತರು.

"ಮ್ಯಾಲ ತೆಗ್ದೇ ಐತಲ್ಲಮ್ಮ," ಅಂದರು. "ಮತ್ತ ಕಾವು ಯಾಕ ಹೊರಗ ಹೋಗವಲ್ದು?"

ಪ್ರತಿವರ್ಷ ಒಪ್ಪಿಸುವ ಉತ್ತರ ಅದು, ನನಗೆ ಬಾಯಿಪಾಠ. ಅವರ ಕೈಯಿಂದ ಹಂಚು ಇಸಿದುಕೊಂಡು ಅಟ್ಟದ ಮೇಲೆ ಇಟ್ಟೆ.